ಬಿಳಿ ಜೆರ್ಸಿಯ ಕೆಂಪು ಕಲೆ: ಬ್ಲೀಚಿಂಗ್ ಹುಡಿಗೆ ಕೈ ಹಾಕುವ ಮೊದಲು

ಮಾನ್ಯ ಸಂಪಾದಕರಿಗೆ ವಂದನೆಗಳು.

ಕಳೆದ ವಾರ ನಮ್ಮ ಪಕ್ಕದ ಮನೆಯ ಹುಡುಗಿ, ಒಂಬತ್ತನೇ ತರಗತಿಯವಳು, ಮೂರು ದಿನ ಕಬಡ್ಡಿ ಅಭ್ಯಾಸಕ್ಕೆ ಹೋಗದೆ ಮನೆಯಲ್ಲೇ ಉಳಿದಿದ್ದಳು. ಜ್ವರವೇನಾದರೂ ಬಂದಿದೆಯೋ ಎಂದು ವಿಚಾರಿಸಲು ಹೋದಾಗ ಅವಳ ತಾಯಿ ಒಳಗಿನಿಂದ ಒಂದು ಬಿಳಿ ಟೀ ಶರ್ಟ್ ತಂದು ನನ್ನೆದುರು ಬಿಡಿಸಿ ಹಿಡಿದರು. ಎದೆಯ ಬಲಬದಿಯಲ್ಲಿ, ತೋಳಿನ ಅಂಚಿನಲ್ಲಿ ಮತ್ತು ಬೆನ್ನ ಮೇಲಿನ ಸಂಖ್ಯೆಯ ಸುತ್ತ ಮೈದಾನದ ಕೆಂಪು ಮಣ್ಣಿನ ಕಿತ್ತಳೆ ಬಣ್ಣ ಹಬ್ಬಿಕೊಂಡಿತ್ತು. "ಟೀಚರ್, ಎರಡು ಸಲ ಬ್ಲೀಚಿಂಗ್ ಹುಡಿಯ ನೀರಿನಲ್ಲಿ ನೆನೆಸಿದೆ. ಮೊದಲಿಗಿಂತ ಜಾಸ್ತಿಯಾಯಿತೇ ಹೊರತು ಹೋಗಲಿಲ್ಲ" ಎಂದರು. ಶಾಲೆಯಲ್ಲಿ ಸಮವಸ್ತ್ರ ನೋಡುವಾಗ ಹುಡುಗಿಯನ್ನು ಸಾಲಿನಿಂದ ಹೊರಗೆ ನಿಲ್ಲಿಸಿ, ಮನೆಯಲ್ಲಿ ಬಟ್ಟೆ ಒಗೆಯುವವರು ಯಾರೂ ಇಲ್ಲವೇ ಎಂದು ಎಲ್ಲರೆದುರು ಕೇಳಿದ್ದರಂತೆ. ತಾಯಿ ಬೆಳಗ್ಗೆ ಏಳು ಗಂಟೆಗೆ ಗೇರುಬೀಜದ ಕಾರ್ಖಾನೆಗೆ ಹೊರಡುವವರು, ಮರಳುವಾಗ ಸಂಜೆಯಾಗುತ್ತದೆ. ಆ ಶಾಲೆಯ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಮಳೆಗಾಲದಲ್ಲಿ ಮಕ್ಕಳನ್ನು ಆಟಕ್ಕೆ ಕಳುಹಿಸುವ ನಮ್ಮ ಕರಾವಳಿಯ ಹೆಚ್ಚಿನ ಮನೆಗಳಲ್ಲಿ ಇದೇ ಕಲೆ, ಇದೇ ಬ್ಲೀಚಿಂಗ್ ಹುಡಿ, ಇದೇ ಬೇಸರ ಇರುವುದರಿಂದ ತಮ್ಮ ಪತ್ರಿಕೆಯ ಮೂಲಕ ಕೆಲವು ಮಾತುಗಳನ್ನು ಓದುಗರ ಮುಂದಿಡಲು ಬಯಸುತ್ತೇನೆ.

ಉಡುಪಿ ತಾಲೂಕಿನ ಶಾಲೆಗಳಲ್ಲಿ 27 ವರ್ಷ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು ನಾನು. ಆ ತಾಯಿ ಮಾಡಿದ ತಪ್ಪನ್ನೇ ವೃತ್ತಿಯ ಆರಂಭದ ವರ್ಷಗಳಲ್ಲಿ ನಾನೂ ಮಾಡಿದ್ದೇನೆ, ಅದೂ ಒಂದಲ್ಲ, 12 ಅಂಗಿಗಳಿಗೆ. ಹಳೆ ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ಹಣ ಒಟ್ಟು ಮಾಡಿ ನಮ್ಮ ಬಾಲಕಿಯರ ತಂಡಕ್ಕೆ ಬಿಳಿ ಜೆರ್ಸಿ ಹೊಲಿಸಿ ಕೊಟ್ಟಿದ್ದರು. ವಲಯ ಮಟ್ಟದ ಪಂದ್ಯ ಮುಗಿದು ಎರಡು ದಿನಗಳಲ್ಲಿ ತಾಲೂಕು ಮಟ್ಟದ ಪಂದ್ಯವಿತ್ತು. ಮಳೆಯಲ್ಲಿ ಆಡಿದ ಆ ಅಂಗಿಗಳು ಕೆಂಪು ಮಣ್ಣಿನಲ್ಲಿ ಅದ್ದಿ ತೆಗೆದಂತಿದ್ದವು. ಶಾಲೆಯ ನೀರಿನ ಟ್ಯಾಂಕಿಗೆ ಹಾಕಲು ತಂದಿಟ್ಟಿದ್ದ ಬ್ಲೀಚಿಂಗ್ ಹುಡಿಯನ್ನು ಕೊಳವೆ ಬಾವಿಯ ನೀರಿನಲ್ಲಿ ಕದಡಿ, ಹನ್ನೆರಡನ್ನೂ ಒಟ್ಟಿಗೆ ಮುಳುಗಿಸಿ, ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ನೋಡಿದರೆ ಕಲೆಯಿದ್ದ ಜಾಗ ಮಾತ್ರವಲ್ಲ, ಕಲೆಯಿಲ್ಲದ ಜಾಗವೂ ಹಳದಿಯಾಗಿತ್ತು. ಕುತ್ತಿಗೆಯ ನೀಲಿ ಪಟ್ಟಿ ಮಾಸಿತ್ತು. ಸೊಂಟದ ಬಳಿಯ ಎಳೆಯುವ ನೂಲು ಸೆಟೆದು ಹೋಗಿತ್ತು. ಮಕ್ಕಳು ನನಗೆ ಒಂದು ಮಾತೂ ಹೇಳದೆ ಅದೇ ಅಂಗಿಗಳನ್ನು ತೊಟ್ಟುಕೊಂಡು ಪಂದ್ಯಕ್ಕೆ ಇಳಿದರು. ಅವರ ಆ ಮೌನ ನನಗೆ ಈಗಲೂ ನೆನಪಿದೆ. ಕಲೆಗಳ ವಿಷಯವನ್ನು ಗಂಭೀರವಾಗಿ ಕೇಳಿ ತಿಳಿದುಕೊಳ್ಳಲು ಆರಂಭಿಸಿದ್ದು ಆ ನಂತರ. ಹೈಸ್ಕೂಲಿನ ವಿಜ್ಞಾನ ಶಿಕ್ಷಕರಿಂದ, ಪೇಟೆಯ ಲಾಂಡ್ರಿಯವರಿಂದ ಮತ್ತು ನಮ್ಮ ಅತ್ತೆಯವರಿಂದ ಕಲಿತದ್ದನ್ನು ಮುಂದಿನ ವರ್ಷಗಳಲ್ಲಿ ನನ್ನ ತಂಡದ ಅಂಗಿಗಳ ಮೇಲೆಯೇ ಮಾಡಿ ನೋಡಿದ್ದೇನೆ.

ಮೊದಲು ತಿಳಿಯಬೇಕಾದದ್ದು ನಮ್ಮ ಮಣ್ಣಿನ ಗುಣ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಮನೆ ಕಟ್ಟಲು ಬಳಸುವ ಕೆಂಪುಕಲ್ಲು, ಅಂದರೆ ಮುರಕಲ್ಲು, ಹುಡಿಯಾಗಿ ಆದ ಮಣ್ಣೇ ನಮ್ಮ ಮೈದಾನಗಳ ಮಣ್ಣು. ಅದರ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್, ಸರಳವಾಗಿ ಹೇಳುವುದಾದರೆ ತುಕ್ಕು. ಬೇರೆ ಊರಿನ ಬೂದು ಮಣ್ಣು ಸಾಬೂನಿನ ನೀರಿನಲ್ಲಿ ಬಿಟ್ಟುಕೊಡುವಷ್ಟು ಸುಲಭವಾಗಿ ಇದು ಬಿಟ್ಟುಕೊಡುವುದಿಲ್ಲ, ಯಾಕೆಂದರೆ ಸಾಬೂನು ಎಣ್ಣೆಯ ಅಂಶವನ್ನು ಎಬ್ಬಿಸುತ್ತದೆಯೇ ಹೊರತು ತುಕ್ಕನ್ನು ಕರಗಿಸುವುದಿಲ್ಲ. ಬ್ಲೀಚಿಂಗ್ ಹುಡಿಯೂ ಕರಗಿಸುವುದಿಲ್ಲ. ಹೂವು, ಹಣ್ಣು, ಚಹಾದಂತಹ ಬಣ್ಣಗಳನ್ನು ಬ್ಲೀಚ್ ಒಡೆದು ಬಿಳಿಯಾಗಿಸುವುದು ನಿಜ. ಆದರೆ ಕಬ್ಬಿಣದ ಮೇಲೆ ಅದರ ಕೆಲಸ ತಿರುಗಾಮುರುಗ: ನೀರಿನಲ್ಲಿ ಕರಗಿ ಕಣ್ಣಿಗೆ ಕಾಣದಂತಿರುವ ಕಬ್ಬಿಣವನ್ನೂ ಅದು ತುಕ್ಕಾಗಿ ಪರಿವರ್ತಿಸಿ ಬಟ್ಟೆಯ ಮೇಲೆ ಕೂರಿಸುತ್ತದೆ. ನಮ್ಮಲ್ಲಿ ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಬಕೆಟಿನಲ್ಲಿ ಹಿಡಿದಿಟ್ಟ ನೀರು ಸ್ವಲ್ಪ ಹೊತ್ತಿನಲ್ಲಿ ಹಳದಿಗೆ ತಿರುಗಿ ತಳದಲ್ಲಿ ಕೆಂಪು ಗಸಿ ನಿಂತರೆ ಅದೇ ಗುರುತು. ಅಂತಹ ನೀರು ಮತ್ತು ಬ್ಲೀಚ್ ಸೇರಿದ್ದರಿಂದಲೇ ನನ್ನ ಹನ್ನೆರಡು ಅಂಗಿಗಳಲ್ಲಿ ಕಲೆಯಿಲ್ಲದ ಜಾಗವೂ ಹಳದಿಯಾದದ್ದು.

ಹಾಗಾದರೆ ಮಾಡಬೇಕಾದದ್ದೇನು? ಕೆಂಪು ಮಣ್ಣಿನ ಅಂಗಿ ಕೈಗೆ ಬಂದ ಕೂಡಲೇ ಅದನ್ನು ಒಗೆಯುವ ಕಲ್ಲಿನ ಮೇಲೆ ಹಾಕಿ ತಿಕ್ಕಬಾರದು. ಹಸಿ ಮಣ್ಣನ್ನು ತಿಕ್ಕಿದಷ್ಟೂ ಅದರ ನುಣುಪಾದ ಕಣಗಳು ಹೆಣಿಗೆಯ ಸಂದುಗಳೊಳಗೆ ಇಳಿಯುತ್ತವೆ. ಇಂದಿನ ಜೆರ್ಸಿಗಳು ಸಾಮಾನ್ಯವಾಗಿ ಜಾಲರಿಯಂತೆ ಹೆಣೆದ ಪಾಲಿಯೆಸ್ಟರ್ ಬಟ್ಟೆಯವು. ಕಲ್ಲಿಗೆ ಬಡಿದರೆ ನೂಲು ಎದ್ದು ಬಟ್ಟೆ ಉಂಡೆ ಉಂಡೆಯಾಗುತ್ತದೆ, ಕಲೆಗೆ ಹೊಸ ಹಿಡಿತ ಸಿಗುತ್ತದೆ. ಅಂಗಿಯನ್ನು ಮೊದಲು ಫ್ಯಾನಿನ ಕೆಳಗೆ ಚೆನ್ನಾಗಿ ಒಣಗಲು ಬಿಡಬೇಕು. ಒಣಗಿದ ಮಣ್ಣು ಸಣ್ಣ ಸಣ್ಣ ಚಕ್ಕೆಯಾಗಿ ಬಿರಿಯುತ್ತದೆ. ಆಗ ಕೊಡವಿ, ಹಳೆಯ ಟೂತ್‌ಬ್ರಷ್‌ನಿಂದ ಒಂದೇ ದಿಕ್ಕಿಗೆ ಮೆಲ್ಲನೆ ಸವರಿದರೆ ಕೈಯಡಿಯಲ್ಲಿ ಇಟ್ಟಿಗೆ ಬಣ್ಣದ ಹುಡಿ ರಾಶಿ ಬೀಳುವುದನ್ನು ಕಾಣಬಹುದು. ಎಷ್ಟು ಹುಡಿ ಒಣಗಿದ್ದಾಗಲೇ ಬಿದ್ದು ಹೋಗುತ್ತದೆಯೋ ಅಷ್ಟು ಕೆಲಸ ನೀರಿನಲ್ಲಿ ಕಡಿಮೆಯಾಯಿತು.

ಆನಂತರ ಅಂಗಿಯನ್ನು ಒಳಮೈ ಹೊರಗೆ ಮಾಡಿ, ಕಲೆಯ ಹಿಂಬದಿಯನ್ನು ನಳ್ಳಿಯ ನೀರಿಗೆ ಒಡ್ಡಬೇಕು. ನೀರು ಬಟ್ಟೆಯ ಒಳಗಿನಿಂದ ಹೊರಗೆ ಹಾದು ಬಂದಾಗ ಮಣ್ಣು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಎದುರಿನಿಂದ ನೀರು ಬಿಟ್ಟರೆ ಇನ್ನಷ್ಟು ಒಳಕ್ಕೆ ಹೋಗುತ್ತದೆ. ಮೊದಲು ಕಡು ಚಹಾದಂತೆ ಹರಿಯುವ ನೀರು ಕ್ರಮೇಣ ತಿಳಿಯಾಗುವವರೆಗೆ ಸಾಬೂನು ಮುಟ್ಟಿಸಬೇಕಾಗಿಲ್ಲ. ತಿಳಿಯಾದ ಮೇಲೆ ಸಾಬೂನು ಹುಡಿಯನ್ನು ಸ್ವಲ್ಪ ನೀರಿನಲ್ಲಿ ಗಟ್ಟಿಯಾಗಿ ಕಲಸಿ ಕಲೆಯ ಮೇಲೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಬೆರಳಿನಿಂದ ಒತ್ತಿ ತೊಳೆಯಬೇಕು. ಬೇರೆ ಊರಿನ ಮಣ್ಣಾದರೆ ಕೆಲಸ ಇಲ್ಲಿಗೇ ಮುಗಿಯುತ್ತದೆ. ನಮ್ಮ ಮಣ್ಣಾದರೆ ಇನ್ನೂ ತೆಳುವಾದ ಕಿತ್ತಳೆ ಬಣ್ಣವೊಂದು ಉಳಿದಿರುತ್ತದೆ, ಅದೇ ತುಕ್ಕು. ಈ ಹಂತದಲ್ಲಿಯೇ ಎಲ್ಲರ ಕೈ ಬ್ಲೀಚಿಂಗ್ ಹುಡಿಯ ಕಡೆಗೆ ಹೋಗುವುದು.

ತುಕ್ಕನ್ನು ಕರಗಿಸುವುದು ಹುಳಿ. ಒಂದು ಲಿಂಬೆಯ ರಸಕ್ಕೆ ಒಂದು ಚಮಚ ಹುಡಿ ಉಪ್ಪು ಸೇರಿಸಿ ಕಲೆಯ ಮೇಲೆ ಹಚ್ಚಿ, ಬಿಸಿಲಿದ್ದರೆ ಅರ್ಧ ಗಂಟೆ ಬಿಸಿಲಿನಲ್ಲಿ, ಇಲ್ಲದಿದ್ದರೆ ಒಂದು ಗಂಟೆ ನೆರಳಿನಲ್ಲಿ ಬಿಡಬಹುದು. ಅದಕ್ಕಿಂತಲೂ ಬಲವಾದದ್ದು ನಮ್ಮ ಹಿತ್ತಿಲಿನಲ್ಲೇ ಇದೆ. ಮರದ ಕಾಂಡಕ್ಕೇ ಗೊಂಚಲು ಗೊಂಚಲಾಗಿ ಅಂಟಿಕೊಂಡು ಬಿಡುವ ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಹೇರಳವಾಗಿದೆ, ಅದು ಕಬ್ಬಿಣವನ್ನು ಹಿಡಿದೆತ್ತುವುದರಲ್ಲಿ ಲಿಂಬೆಗಿಂತ ಮುಂದು. ನಮ್ಮ ಅತ್ತೆಯವರು ಹಿತ್ತಾಳೆಯ ದೀಪ ಮತ್ತು ತಾಮ್ರದ ಹಂಡೆ ಬೆಳಗಲು ಮಾತ್ರವಲ್ಲ, ಪಂಚೆಗೆ ತಾಗಿದ ಕತ್ತಿಯ ತುಕ್ಕಿಗೂ ಬಿಂಬುಳಿಯನ್ನೇ ಜಜ್ಜಿ ಉಜ್ಜುತ್ತಿದ್ದರು. ಅದನ್ನೇ ನಾನು ಜೆರ್ಸಿಗೆ ಮಾಡಿದೆ. ನಾಲ್ಕೈದು ಕಾಯಿಗಳನ್ನು ಜಜ್ಜಿ ರಸ ಹಿಂಡಿ, ಕಲೆ ಮುಳುಗುವಷ್ಟು ಹಾಕಿ, ಹದಿನೈದು ನಿಮಿಷ ಬಿಟ್ಟು, ಒಣಗಲು ಬಿಡದೆ ತೊಳೆಯಬೇಕು. ಒಂದೇ ಸಲಕ್ಕೆ ಪೂರ್ತಿ ಹೋಗುವುದೆಂದು ನಿರೀಕ್ಷಿಸಬಾರದು. ಎರಡು ಸಲ, ಕೆಲವೊಮ್ಮೆ ಮೂರು ಸಲ ಬೇಕಾಗುತ್ತದೆ, ಪ್ರತಿ ಸಲವೂ ಬಣ್ಣ ಒಂದೊಂದು ಹಂತ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಪಕ್ಕದ ಮನೆಯ ಹುಡುಗಿಯ ಅಂಗಿಗೆ ಎರಡು ದಿನಗಳಲ್ಲಿ ಮೂರು ಸಲ ಹೀಗೆ ಮಾಡಿದೆವು. ಎದೆಯ ಕಲೆ ಪೂರ್ತಿ ಹೋಯಿತು. ಸಂಖ್ಯೆಯ ಅಂಚಿನಲ್ಲಿ, ಮುದ್ರಿಸಿದ ರಬ್ಬರಿನ ಕೆಳಗೆ ಸೇರಿಕೊಂಡದ್ದು ಮಾತ್ರ ಮಸುಕಾಗಿ ಉಳಿದಿದೆ.

ಇಲ್ಲಿ ಕೆಲವು ಎಚ್ಚರಿಕೆಗಳನ್ನು ಒತ್ತಿ ಹೇಳಲೇಬೇಕು. ಹುಳಿ ಯಾವುದೇ ಇರಲಿ, ಲಿಂಬೆಯೋ ಬಿಂಬುಳಿಯೋ ವಿನೆಗರೋ, ಅದನ್ನು ಬ್ಲೀಚಿಂಗ್ ಹುಡಿಯ ಅಥವಾ ದ್ರವ ಬ್ಲೀಚಿನ ಜೊತೆ ಎಂದಿಗೂ ಬೆರೆಸಬಾರದು. ಎರಡೂ ಸೇರಿದಾಗ ಕ್ಲೋರಿನ್ ಅನಿಲ ಹೊರಡುತ್ತದೆ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲು ಮನೆಯಲ್ಲಿ ಅದು ಕಣ್ಣು, ಗಂಟಲು, ಶ್ವಾಸಕೋಶಗಳಿಗೆ ತೀವ್ರ ಅಪಾಯ. ಈಗಾಗಲೇ ಬ್ಲೀಚಿನಲ್ಲಿ ನೆನೆಸಿದ ಅಂಗಿಯಾದರೆ ಮೂರು ನಾಲ್ಕು ಸಲ ಶುದ್ಧ ನೀರಿನಲ್ಲಿ ಜಾಲಾಡಿಸಿ, ಒಣಗಿಸಿ, ಮರುದಿನವಷ್ಟೇ ಹುಳಿ ಹಚ್ಚಬೇಕು. ಕಕ್ಕಸು ತೊಳೆಯುವ ಆಸಿಡ್ ಬಟ್ಟೆಗೆ ಬೇಡವೇ ಬೇಡ, ಬ್ಲೀಚಿನ ಜೊತೆಗಂತೂ ಅದು ಇನ್ನಷ್ಟು ಅಪಾಯಕಾರಿ. ಬಣ್ಣದ ಜೆರ್ಸಿಯಾದರೆ ಒಳಹೊಲಿಗೆಯ ಒಂದು ಮೂಲೆಗೆ ಮೊದಲು ಒಂದು ಹನಿ ಹಚ್ಚಿ ಬಣ್ಣ ಬಿಡುತ್ತದೆಯೋ ಎಂದು ನೋಡಬೇಕು. ಕೈಯಲ್ಲಿ ಗಾಯವಿದ್ದವರು ಬಿಂಬುಳಿ ರಸ ಮುಟ್ಟದಿರುವುದು ಒಳ್ಳೆಯದು. ಕಬ್ಬಿಣದ ಬಕೆಟ್ ಬಳಸಿದರೆ ಹುಳಿ ಬಕೆಟಿನದೇ ತುಕ್ಕನ್ನು ಅಂಗಿಗೆ ತರುತ್ತದೆ, ಪ್ಲಾಸ್ಟಿಕ್ ಬಕೆಟೇ ಆಗಬೇಕು. ಜಾಲಾಡಿಸಲು ಕೊಳವೆ ಬಾವಿಯ ಹಳದಿ ನೀರಿಗಿಂತ ಬಾವಿಯ ತಿಳಿನೀರೋ, ಮಂಗಳೂರಿನವರಿಗೆ ತುಂಬೆ ಅಣೆಕಟ್ಟಿನಿಂದ, ಉಡುಪಿಯವರಿಗೆ ಬಜೆ ಅಣೆಕಟ್ಟಿನಿಂದ ಬರುವ ನಳ್ಳಿ ನೀರೋ ಉತ್ತಮ. ಮಳೆಗಾಲದಲ್ಲಿ ಮಾಡಿನ ಅಂಚಿನಿಂದ ಬೀಳುವ ನೀರನ್ನೇ ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯ ನೀರು ಬೇರೆಯಿಲ್ಲ.

ಮಣ್ಣಿನಷ್ಟೇ ತಪ್ಪು ನಡೆಯುವುದು ರಕ್ತದ ಕಲೆಯ ವಿಷಯದಲ್ಲಿ. ಮಣ್ಣಿನ ಅಂಕಣದಲ್ಲಿ ಕಬಡ್ಡಿ ಆಡುವ ಮಕ್ಕಳ ಮೊಣಕಾಲು, ಮೊಣಕೈ ತರಚದ ದಿನವಿಲ್ಲ. ರಕ್ತವನ್ನು ಕಂಡ ಕೂಡಲೇ ತಾಯಂದಿರು ಬಿಸಿನೀರು ಕಾಯಿಸುತ್ತಾರೆ. ಬಿಸಿನೀರಿಗೆ ಬಿದ್ದ ಮೊಟ್ಟೆಯ ಬಿಳಿಭಾಗ ಹೇಗೆ ಗಟ್ಟಿಯಾಗುತ್ತದೆಯೋ ಹಾಗೆಯೇ ರಕ್ತದ ಪ್ರೋಟೀನು ಬಟ್ಟೆಯ ನೂಲಿನಲ್ಲೇ ಗಟ್ಟಿಯಾಗಿ ಬಿಡುತ್ತದೆ. ತಣ್ಣೀರಿನಲ್ಲಿ, ಸಾಧ್ಯವಾದರೆ ಉಪ್ಪು ಹಾಕಿದ ತಣ್ಣೀರಿನಲ್ಲಿ, ತಡಮಾಡದೆ ನೆನೆಸಿದರೆ ಹೆಚ್ಚಿನಂಶ ಹೊರಟು ಹೋಗುತ್ತದೆ. ಒಣಗಿ ಕಂದಾದ ಕಲೆಗೆ ಔಷಧಿ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಉಪಯೋಗಿಸಬಹುದು. ಶೇ. 6ರ ದ್ರಾವಣವಾಗಿದ್ದರೆ ಅಷ್ಟೇ ನೀರು ಬೆರೆಸಿ ಶೇ. 3ಕ್ಕೆ ಇಳಿಸಿ, ಕೆಲವು ಹನಿ ಹಾಕಿದರೆ ರಕ್ತದಲ್ಲಿರುವ ಕಿಣ್ವದ ದೆಸೆಯಿಂದ ಬಿಳಿ ನೊರೆ ಉಕ್ಕುತ್ತದೆ. ನೊರೆ ನಿಂತ ಮೇಲೆ ತಣ್ಣೀರಿನಲ್ಲಿ ತೊಳೆಯಬೇಕು. ಇದು ಬಿಳಿ ಅಂಗಿಗೆ ಸರಿ, ಬಣ್ಣದ್ದಾದರೆ ಮೊದಲು ಮೂಲೆಯಲ್ಲಿ ಪರೀಕ್ಷಿಸಬೇಕು. ಕಿಣ್ವಗಳಿರುವ ಸಾಬೂನು ಹುಡಿಗಳು ರಕ್ತಕ್ಕೂ ಬೆವರಿಗೂ ಚೆನ್ನಾಗಿ ಕೆಲಸ ಮಾಡುತ್ತವೆ, ಆದರೆ ಅವಕ್ಕೆ ನೆನೆಯುವ ಸಮಯ ಬೇಕು, ಕುದಿಯುವ ನೀರು ಹಾಕಿದರೆ ಕಿಣ್ವವೇ ಸಾಯುತ್ತದೆ.

ಮಳೆಗಾಲದಲ್ಲಿ ಹುಲ್ಲು ಎದ್ದ ಮೈದಾನದಲ್ಲಿ ಫುಟ್‌ಬಾಲ್ ಅಥವಾ ಕ್ರಿಕೆಟ್ ಆಡಿ ಬಂದವರ ಮೊಣಕಾಲಿನ ಹಸಿರು ಕಲೆಗೆ ನೀರು ಸಾಲದು, ಯಾಕೆಂದರೆ ಎಲೆಯ ಹಸಿರು ನೀರಿನಲ್ಲಿ ಕರಗುವುದಿಲ್ಲ, ಸ್ಪಿರಿಟಿನಲ್ಲಿ ಕರಗುತ್ತದೆ. ಗಾಯ ಒರೆಸುವ ಸರ್ಜಿಕಲ್ ಸ್ಪಿರಿಟನ್ನು ಹತ್ತಿಯಲ್ಲಿ ಅದ್ದಿ, ಕಲೆಯ ಹೊರ ಅಂಚಿನಿಂದ ನಡುವಿಗೆ ಒತ್ತುತ್ತಾ ಬಂದರೆ ಹತ್ತಿ ಹಸಿರಾಗುತ್ತದೆ. ಒಲೆ ಮತ್ತು ದೀಪ ಹತ್ತಿರವಿರಬಾರದು. ಕ್ರೀಡಾಕೂಟದ ದಿನ ಕೊಡುವ ಪುನರ್ಪುಳಿ ಶರಬತ್ತು ಬಿಳಿ ಅಂಗಿಯ ಮೇಲೆ ಚೆಲ್ಲಿದರೆ ಸಾಬೂನಿನಿಂದ ಆರಂಭಿಸಬಾರದು, ಸಾಬೂನಿನ ಕ್ಷಾರಕ್ಕೆ ಆ ಕೆಂಪು ಬಣ್ಣ ನೀಲಿಯ ಕಡೆಗೆ ತಿರುಗುತ್ತದೆ. ತಣ್ಣೀರು, ಆಮೇಲೆ ಲಿಂಬೆ ಅಥವಾ ವಿನೆಗರ್, ಕೊನೆಗೆ ಸಾಬೂನು. ಬೇಸಿಗೆ ರಜೆಯಲ್ಲಿ ಗೇರುಮರದಡಿ ಆಡುವವರ ಅಂಗಿಗೆ ತಾಗುವ ಗೇರುಹಣ್ಣಿನ ರಸ ಮತ್ತು ಬಾಳೆಯ ಸೊನೆಯನ್ನು ಹಸಿಯಿದ್ದಾಗಲೇ ತೊಳೆದರೆ ಮಾತ್ರ ಆಸೆ. ಒಣಗಿ ಕಂದಾದ ಮೇಲೆ ಅದಕ್ಕೆ ಮದ್ದು ಇದೆ ಎಂದು ನಾನು ಯಾರಿಗೂ ಭರವಸೆ ಕೊಡಲಾರೆ.

ಈಗ ಆಟಿ, ಅಂದರೆ ಮಳೆಗಾಲದ ನಡುವಿನ ತುಳು ತಿಂಗಳಾದ್ದರಿಂದ ಊರೂರಿನಲ್ಲಿ ಕೆಸರುಗದ್ದೆ ಕ್ರೀಡಾಕೂಟಗಳು ನಡೆಯುತ್ತಿವೆ. ಗದ್ದೆಯ ಕೆಸರು ಗುಡ್ಡೆಯ ಕೆಂಪು ಮಣ್ಣಿನಂತಲ್ಲ. ಕೊಳೆತ ಎಲೆ, ಗೊಬ್ಬರ ಸೇರಿ ಕಪ್ಪಾಗಿ, ಜಿಗುಟಾಗಿ ಇರುತ್ತದೆ. ಅದನ್ನು ಒಣಗಲು ಬಿಟ್ಟರೆ ವಾಸನೆ ಕೂತುಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಮಾತ್ರ ಕ್ರಮ ತಿರುಗುತ್ತದೆ: ಮನೆಗೆ ಹೊರಡುವ ಮೊದಲೇ ಗದ್ದೆಯ ಬದಿಯ ತೋಡಿನ ಹರಿಯುವ ನೀರಿನಲ್ಲಿ ಅಂಗಿಯನ್ನು ಚೆನ್ನಾಗಿ ಜಾಲಾಡಿಸಿಕೊಳ್ಳಬೇಕು. ಸಾಬೂನು ಮಾತ್ರ ಮನೆಯಲ್ಲೇ, ತೋಡಿಗೆ ನೊರೆ ಬಿಡುವುದು ಸರಿಯಲ್ಲ, ಅದೇ ನೀರು ಕೆಳಗಿನ ಗದ್ದೆಗೆ ಹೋಗುತ್ತದೆ.

ಬೆವರಿನ ವಾಸನೆಯ ಬಗ್ಗೆ ಹೇಳದಿದ್ದರೆ ಈ ಪತ್ರ ಅಪೂರ್ಣವಾದೀತು, ಯಾಕೆಂದರೆ ಎಷ್ಟೋ ಮಕ್ಕಳು ಬಸ್ಸಿನಲ್ಲಿ ಪಕ್ಕದವರು ಸರಿದು ಕೂತರೆಂದು ನೊಂದುಕೊಂಡದ್ದನ್ನು ನಾನು ಕಂಡಿದ್ದೇನೆ. ಇದು ಆ ಮಕ್ಕಳ ಶುಚಿತ್ವದ ಕೊರತೆಯಲ್ಲ, ಬಟ್ಟೆಯ ಗುಣ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 26 ಆರೋಗ್ಯವಂತರು ಸೈಕಲ್ ವ್ಯಾಯಾಮ ಮಾಡಿ ಬೆವರಿದ ಅಂಗಿಗಳನ್ನು 28 ಗಂಟೆ ಇಟ್ಟು ಪರೀಕ್ಷಿಸಿದಾಗ, ಹತ್ತಿಯ ಅಂಗಿಗಿಂತ ಪಾಲಿಯೆಸ್ಟರ್ ಅಂಗಿಯ ವಾಸನೆ ಹೆಚ್ಚು ಅಸಹ್ಯವಾಗಿತ್ತು, ವಾಸನೆಗೆ ಕಾರಣವಾಗುವ ಮೈಕ್ರೊಕಾಕಸ್ ಎಂಬ ಬ್ಯಾಕ್ಟೀರಿಯಾಗಳು ಪಾಲಿಯೆಸ್ಟರಿನಲ್ಲಿ ಚೆನ್ನಾಗಿ ಬೆಳೆದಿದ್ದವು. ಪಾಲಿಯೆಸ್ಟರ್ ನೀರನ್ನು ಹೀರುವುದಿಲ್ಲ, ಆದರೆ ಮೈಯ ಎಣ್ಣೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹೊರಗಿನಿಂದ ಒಗೆದರೆ ಸಾಲದು, ಎಣ್ಣೆ ಇರುವುದು ಮೈಗೆ ತಾಗುವ ಬದಿಯಲ್ಲಿ. ಅಂಗಿಯನ್ನು ಒಳಮೈ ಹೊರಗೆ ಮಾಡಿ, ಅರ್ಧ ಬಕೆಟ್ ತಣ್ಣೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ, ಆಮೇಲೆ ಎಂದಿನಂತೆ ಒಗೆದರೆ ವಾಸನೆ ಬಹುಮಟ್ಟಿಗೆ ಇಳಿಯುತ್ತದೆ. ಸಾಬೂನು ಹುಡಿ ಹೆಚ್ಚು ಹಾಕುವುದರಿಂದ ಲಾಭವಿಲ್ಲ, ಸರಿಯಾಗಿ ಜಾಲಾಡದೆ ಉಳಿದ ಸಾಬೂನೇ ಮುಂದಿನ ಸಲ ಕೊಳೆಯನ್ನು ಹಿಡಿದಿಡುತ್ತದೆ. ಬಟ್ಟೆ ಮೃದುವಾಗಿಸಲೆಂದು, ಪರಿಮಳ ಬರಲೆಂದು ಕೊನೆಯ ನೀರಿಗೆ ಹಾಕುವ ದ್ರವ ಜೆರ್ಸಿಗೆ ಬೇಡ. ಅದು ನೂಲಿನ ಮೇಲೆ ಪದರವಾಗಿ ಕೂತು, ಬೆವರನ್ನು ಹೊರಗೆ ಸಾಗಿಸುವ ಬಟ್ಟೆಯ ಗುಣವನ್ನೇ ಕೆಡಿಸುತ್ತದೆ. ಬಿಳಿ ಅಂಗಿಯ ಕಂಕುಳಿನ ಹಳದಿ ಕಲೆಗೆ ಬೆವರಿಗಿಂತಲೂ ಬೆವರು ತಡೆಯುವ ಡಿಯೋಡರೆಂಟುಗಳಲ್ಲಿರುವ ಅಲ್ಯೂಮಿನಿಯಂ ಲವಣ ಬೆವರಿನೊಂದಿಗೆ ಸೇರುವುದೇ ಮುಖ್ಯ ಕಾರಣ. ಬ್ಲೀಚ್ ಅದನ್ನೂ ಹೆಚ್ಚಿಸುತ್ತದೆ. ಉಜಾಲವೋ ನೀಲಿಯೋ ಹಾಕಿದರೆ ಹಳದಿ ಕಣ್ಣಿಗೆ ಕಡಿಮೆ ಕಾಣುತ್ತದೆ, ಕಲೆ ಅಲ್ಲೇ ಇರುತ್ತದೆ.

ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಊರಿನಲ್ಲಿ ಒಗೆಯುವುದಕ್ಕಿಂತ ಒಣಗಿಸುವುದೇ ದೊಡ್ಡ ಕಷ್ಟ. ಆಡಿ ಬಂದ ಒದ್ದೆ ಅಂಗಿಯನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಬ್ಯಾಗಿನೊಳಗೆ ಇಟ್ಟು ಮರೆತರೆ ಎರಡೇ ದಿನಗಳಲ್ಲಿ ಬೂಷ್ಟು ಹಿಡಿದು ಕರಿಚುಕ್ಕೆಗಳು ಮೂಡುತ್ತವೆ. ಆ ಚುಕ್ಕೆಗಳು ಹೊಸತಿರುವಾಗ ಪೆರಾಕ್ಸೈಡ್ ಮತ್ತು ಬಿಸಿಲಿಗೆ ಸ್ವಲ್ಪ ಬಗ್ಗುತ್ತವೆ, ಹಳೆಯದಾದರೆ ಇಲ್ಲ. ಮನೆಗೆ ಬಂದವರು ಅಂಗಿಯನ್ನು ಒಗೆಯಲು ಆಗದಿದ್ದರೂ ತೊಟ್ಟೆಯಿಂದ ಹೊರಗೆ ತೆಗೆದು ಹಗ್ಗದ ಮೇಲೆ ಹರಡಿದರೆ ಸಾಕು. ಹಂಡೆಯ ಒಲೆಯ ಮೇಲಿನ ಬಿಸಿಗೆ ಜೆರ್ಸಿ ಒಣಗಿಸುವ ಅಭ್ಯಾಸ ನಮ್ಮ ಹಳ್ಳಿಗಳಲ್ಲಿದೆ. ಹತ್ತಿಯ ಪಂಚೆಗೆ ಅದು ನಡೆಯುತ್ತಿತ್ತು. ಪಾಲಿಯೆಸ್ಟರ್ ಬಿಸಿಗೆ ಸುಕ್ಕುಗಟ್ಟುತ್ತದೆ, ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ, ಅಲ್ಲದೆ ಉಳಿದಿರುವ ಕಲೆ ಬಿಸಿಗೆ ಪಕ್ಕಾ ಆಗುತ್ತದೆ. ಇದೇ ಕಾರಣಕ್ಕೆ ಕಲೆ ಪೂರ್ತಿ ಹೋಗಿದೆಯೇ ಎಂದು ಹಗಲು ಬೆಳಕಿನಲ್ಲಿ ನೋಡದೆ ಇಸ್ತ್ರಿ ಪೆಟ್ಟಿಗೆ ಇಡಬಾರದು.

ಇನ್ನು ನನ್ನ ಕೋರಿಕೆಗಳು. ಜೆರ್ಸಿಯ ಒಳಗೆ ಹೊಲಿದಿರುವ ಸಣ್ಣ ಪಟ್ಟಿಯಲ್ಲಿ ಈ ಎಚ್ಚರಿಕೆಗಳಲ್ಲಿ ಅರ್ಧದಷ್ಟು ಚಿತ್ರಗಳ ರೂಪದಲ್ಲಿ ಇರುತ್ತವೆ, ಆದರೆ ಅವುಗಳ ಅರ್ಥ ನಮ್ಮ ತಾಯಂದಿರಿಗೆ ಯಾರೂ ಹೇಳಿಲ್ಲ. ತ್ರಿಕೋನವೆಂದರೆ ಬ್ಲೀಚ್, ಅದರ ಮೇಲೆ ಕತ್ತರಿ (X) ಗುರುತು ಇದ್ದರೆ ಬ್ಲೀಚ್ ಹಾಕಲೇಬಾರದು. ತ್ರಿಕೋನದೊಳಗೆ ಎರಡು ಓರೆಗೆರೆಗಳಿದ್ದರೆ ಕ್ಲೋರಿನ್ ಇಲ್ಲದ ಬ್ಲೀಚ್ ಮಾತ್ರ ನಡೆಯುತ್ತದೆ. ನೀರಿನ ಪಾತ್ರೆಯೊಳಗೆ 30 ಎಂದಿದ್ದರೆ ನೀರಿನ ಬಿಸಿ 30 ಡಿಗ್ರಿ ಸೆಲ್ಸಿಯಸ್ ಮೀರಬಾರದು, ಅಂದರೆ ನಮ್ಮ ನಳ್ಳಿಯ ನೀರೇ ಸಾಕು. ಇಸ್ತ್ರಿ ಪೆಟ್ಟಿಗೆಯ ಚಿತ್ರದಲ್ಲಿ ಒಂದೇ ಚುಕ್ಕೆಯಿದ್ದರೆ 110 ಡಿಗ್ರಿಯ ಒಳಗಿನ ಬಿಸಿ ಮಾತ್ರ. ಆ ತಾಯಿ ತಂದು ತೋರಿಸಿದ ಅಂಗಿಯ ಕುತ್ತಿಗೆಯಲ್ಲೂ ಈ ಪಟ್ಟಿ ಇತ್ತು, ಅದರಲ್ಲಿ ತ್ರಿಕೋನದ ಮೇಲೆ ಕತ್ತರಿ ಗುರುತು ಸ್ಪಷ್ಟವಾಗಿಯೇ ಇತ್ತು. ತಾವು ಈ ಚಿತ್ರಗಳನ್ನು ಕನ್ನಡದ ವಿವರಣೆಯೊಂದಿಗೆ ಪತ್ರಿಕೆಯ ಯಾವುದಾದರೂ ಪುಟದಲ್ಲಿ ಒಮ್ಮೆ ಅಚ್ಚು ಹಾಕಿಸಿದರೆ ಎಷ್ಟೋ ಮನೆಗಳ ಗೋಡೆಗಳಲ್ಲಿ ಅದು ಅಂಟಿಕೊಳ್ಳುವುದೆಂದು ನನಗೆ ನಂಬಿಕೆಯಿದೆ. ಮಂಗಳೂರು, ಉಡುಪಿಯಲ್ಲಿ ತಂಡಗಳಿಗೆ ಜೆರ್ಸಿ ಮುದ್ರಿಸಿಕೊಡುವ ಅಂಗಡಿಯವರು ಹೊರೆಯ ಜೊತೆ ಕನ್ನಡದಲ್ಲಿ ಒಂದು ಸಣ್ಣ ಚೀಟಿ ಇಟ್ಟರೂ ದೊಡ್ಡ ಉಪಕಾರ.

ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ ಮತ್ತು ನನ್ನ ವೃತ್ತಿಬಾಂಧವರಲ್ಲಿ ನನ್ನ ವಿನಂತಿ ಇದಕ್ಕಿಂತ ನೇರವಾದದ್ದು. ಕೆಂಪು ಮಣ್ಣಿನ ಮೈದಾನವಿರುವ ಶಾಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಳಿ ಆಟದ ಉಡುಪನ್ನು ಕಡ್ಡಾಯ ಮಾಡಬೇಡಿ. ಕಂದು, ಕಡುನೀಲಿ ಅಥವಾ ಮರೂನ್ ಬಣ್ಣದ ಅಂಗಿಯಿಂದ ಆಟಕ್ಕೇನೂ ಕುಂದಿಲ್ಲ. ಮೈದಾನದ ಬದಿಯಲ್ಲಿ ಒಂದು ನಳ್ಳಿ, ಎರಡು ಬಕೆಟ್, ನಾಲ್ಕು ಹಳೆಯ ಬ್ರಷ್ ಇಡಿ. ಅಭ್ಯಾಸ ಮುಗಿದ ಮೇಲೆ ಹತ್ತು ನಿಮಿಷ ಹುಡುಗಿಯರಿಗೂ ಹುಡುಗರಿಗೂ ತಮ್ಮ ಅಂಗಿಯ ಕಲೆಯನ್ನು ತಾವೇ ತೆಗೆಯಲು ಕಲಿಸಿ. ಹುಡುಗರು ಎಂಬ ಮಾತನ್ನು ಬೇಕೆಂದೇ ಬರೆದಿದ್ದೇನೆ, ಯಾಕೆಂದರೆ ತಂಡದ ಹುಡುಗರ ಅಂಗಿಗಳನ್ನು ಅವರ ಅಕ್ಕ ತಂಗಿಯರು ಒಗೆಯುವುದನ್ನು ನಾನು ಇಷ್ಟು ವರ್ಷ ನೋಡಿದ್ದೇನೆ. ಇನ್ನು ಅಂಗಿಯಲ್ಲಿ ಕಲೆ ಉಳಿದ ಮಗುವನ್ನು ಸಾಲಿನಿಂದ ಹೊರಗೆ ನಿಲ್ಲಿಸುವುದನ್ನು ದಯವಿಟ್ಟು ಬಿಟ್ಟುಬಿಡಿ. 2010 ಮತ್ತು 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ಮಹಿಳಾ ಕಬಡ್ಡಿ ತಂಡದಲ್ಲಿದ್ದ ಮಮತಾ ಪೂಜಾರಿಯವರು ಇದೇ ಉಡುಪಿ ಜಿಲ್ಲೆಯ ಕಾರ್ಕಳ ತಾಲೂಕಿನವರು. ಆಡಿದವರ ಅಂಗಿಗೆ ಈ ಊರಿನ ಮಣ್ಣು ತಾಗದೆ ಇರುತ್ತದೆಯೇ?

ಪಕ್ಕದ ಮನೆಯ ಹುಡುಗಿ ಸೋಮವಾರದಿಂದ ಮತ್ತೆ ಅಭ್ಯಾಸಕ್ಕೆ ಹೋಗುತ್ತಿದ್ದಾಳೆ. ಬೆನ್ನಿನ ಸಂಖ್ಯೆಯ ಅಂಚಿನಲ್ಲಿ ಉಳಿದ ಮಸುಕು ಕಲೆಯೊಂದಿಗೆ ಅವಳನ್ನು ಸಾಲಿನಲ್ಲಿ ನಿಲ್ಲಲು ಬಿಡಬೇಕೆಂದು ಅವಳ ಶಿಕ್ಷಕರಿಗೆ ನಾನೇ ಹೋಗಿ ಹೇಳಿ ಬಂದಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ,
ಉಡುಪಿ